ದಿಂಬಿಗಾಗುವ ಪುಸ್ತಕ

ಕೊಚ್ಚಿಯ ಕನ್ನಡ ಓದುಗರಾದ ನಾವು ತಿಂಗಳಿಗೊಮ್ಮೆ ಕಳಮಶ್ಶೇರಿಯ ಒಂದು ಮನೆಯಲ್ಲಿ ಸೇರುತ್ತೇವೆ. ಓದಿ ಮುಗಿಸಿದ ಪುಸ್ತಕದ ಬಗ್ಗೆ ಮಾತಾಡಿ, ಅದನ್ನು ಮೇಜಿನ ಮೇಲಿಡುವುದು ನಮ್ಮ ಪದ್ಧತಿ. ಕೊನೆಯ ಪುಟದಲ್ಲಿ ತಂದವರ ಹೆಸರು, ಅದರ ಕೆಳಗೆ ಒಯ್ಯುವವರ ಸಹಿ. ಯಾರೂ ಒಯ್ಯದ ಪುಸ್ತಕ ತಂದವರ ಚೀಲಕ್ಕೇ ಮರಳುತ್ತದೆ.

ಕಳೆದ ವರ್ಷ ನಾನಿಟ್ಟ ದಪ್ಪ ಕಾದಂಬರಿಯನ್ನು ಐಟಿ ಪಾರ್ಕಿನ ತರುಣನೊಬ್ಬ ಕೈಯಲ್ಲಿ ತೂಗಿ ನೋಡಿ, "ಸಾರ್, ಇದು ದಿಂಬಿಗೆ ಸರಿಹೋಗುತ್ತೆ, ಓದೋದಕ್ಕಲ್ಲ" ಎಂದ. ಐವರು ನಕ್ಕರು. ಅವರಲ್ಲೊಬ್ಬರ ಬಾಯಲ್ಲಿ ನಾನೇ ಕೊಂಡೊಯ್ದಿದ್ದ ಪಳಂಪೊರಿ ಎಂಬ ಬಾಳೆಹಣ್ಣಿನ ಬಜ್ಜಿ ಇತ್ತೆಂಬುದನ್ನೂ ನಾನು ಮರೆತಿಲ್ಲ.

ಪುಸ್ತಕ ಹೊತ್ತು ಮರಳುವಾಗ, ಮೆಟ್ರೋ ನಿಲ್ದಾಣದಲ್ಲಿ ನಮ್ಮ ಕೂಟಕ್ಕೆ ಬರುವ ಕಾಸರಗೋಡಿನ ವಿದ್ಯಾರ್ಥಿನಿಯೊಬ್ಬಳು, "ಅಜ್ಜ, ಅದು ನಂಗೆ ಕೊಡಿ, ನಾನು ಓದ್ತೇನೆ" ಎಂದಳು. ಕರುಣೆಯಿಂದ ಕೇಳುತ್ತಿದ್ದಾಳೆಂದು ತಿಳಿದೇ ಕೊಟ್ಟೆ.

ಮೊನ್ನೆ ತಿರುವನಂತಪುರದ ಕನ್ನಡ ಓದುಗರು ನಮ್ಮನ್ನು ಕರೆದಿದ್ದರು. ತಂಪಾನೂರಿನ ಸಭಾಂಗಣದಲ್ಲಿ ಆ ತರುಣನೇ ಎದ್ದು, ಚೀಲದಿಂದ ನನ್ನ ಪುಸ್ತಕವನ್ನೇ ತೆಗೆದ. ನಾನು ಹಾಕಿದ್ದ ಕಂದು ಹೊದಿಕೆ ಹಲವು ಕೈಗಳಲ್ಲಿ ಸವೆದಿತ್ತು.

"ಎರಡು ಸಲ ಓದಿದೆ. ಬಿಟ್ರೆ ನಷ್ಟ ನಿಮ್ಗೇ" ಎಂದು ಸಭೆಗೆ ಉಪದೇಶಿಸಿದ. ಕೂಡಲೇ ಎಂಟು ಕೈಗಳು ಮೇಲೆದ್ದವು.

"ಕೊನೆಯ ಪುಟವನ್ನೂ ಓದಿ" ಎಂದೆ.

ತನ್ನ ಸಹಿಯಿಂದ ಮೇಲಕ್ಕೆ ಒಂದೊಂದಾಗಿ ಆರು ಸಹಿಗಳನ್ನು ಓದುತ್ತ ಹೋದವನು ನನ್ನ ಹೆಸರು ಬಂದಾಗ ಥಟ್ಟನೆ ನಿಲ್ಲಿಸಿದ. "ಅಯ್ಯೋ ಸಾರ್, ಆ ದಿಂಬು!"

ಸಭೆಯೆಲ್ಲ ನಕ್ಕಿತು. ಈ ಸಲ ನಕ್ಕವರನ್ನು ನಾನು ಎಣಿಸಲಿಲ್ಲ. ಪುಸ್ತಕ ತಿರುವನಂತಪುರದವರ ಪಾಲಾಯಿತು. ನಾನು ಖಾಲಿ ಚೀಲವನ್ನು ಹೆಗಲಿಗೇರಿಸಿ, ತಲೆಯೆತ್ತಿ ರೈಲು ಹತ್ತಿದೆ.