ಬಣ್ಣವಿಲ್ಲದ ಹೊದಿಕೆ

ನೀರಿಗಿಳಿಯುವ ಮುಂಚೆ ನಮ್ಮ ಅತ್ತೆ ನರೆತ ಕೂದಲನ್ನು ನಡುನೆತ್ತಿಗೆ ಎಳೆದು, ಬಾಳೆನಾರಿನ ಹುರಿಯಿಂದ ಬಿಗಿದು ಕಟ್ಟುತ್ತಿದ್ದರು. ಆ ಗಂಟು ಒದ್ದೆಯಾಗುತ್ತಿರಲಿಲ್ಲ. ಮುಖ ಮೇಲಿಟ್ಟು, ಸದ್ದಿಲ್ಲದೆ ಈಜುವವರು ಅವರು.

ಬೆಳೆದದ್ದು ಮುನಿರಾಬಾದಿನಲ್ಲಿ. ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು ಕಾಲುವೆಯಲ್ಲಿ ಈಜು ಕಲಿತಿದ್ದರು. ಮದುವೆಯಾಗಿ ಗಂಗಾವತಿಗೆ ಬಂದ ಮೇಲೆ ಅದು ಬಿಟ್ಟೇ ಹೋಗಿತ್ತು. ವಯಸ್ಸಾಗಿ ಮಂಡಿನೋವು ಹೆಚ್ಚಿದಾಗ, ನೀರಿನೊಳಗೆ ನಡೆಯಿರಿ ಎಂದರು ಡಾಕ್ಟರು. ನಮ್ಮ ಯಜಮಾನರು ಮನೆಯ ಹಿಂದೆ, ಗದ್ದೆಯ ಅಂಚಿಗೆ ಸಣ್ಣದೊಂದು ಈಜುಕೊಳ ಕಟ್ಟಿಸಿದರು. ಅತ್ತೆ ತಾವು ನಡೆದಾಡಿ ಮುಗಿಸಿ, ನನಗೂ ಈಜು ಕಲಿಸತೊಡಗಿದರು.

"ನೀರಿನ ಕೂಡ ಗುದ್ದಾಡಬ್ಯಾಡ. ಅದೇನ್ ನಿನ್ನ ನಾದಿನಿ ಅಲ್ಲ."

ಚಳಿಗಾಲ ಬಂತು. ಅತ್ತೆ ಬೆಳಿಗ್ಗೆ ನೀರಿಗೆ ಒಂದು ಬೆರಳು ಅದ್ದಿ, ಹಾಗೆಯೇ ಮನೆಯೊಳಗೆ ಬಂದುಬಿಡುತ್ತಿದ್ದರು. ಮಂಡಿ ಮತ್ತೆ ಬಿಗಿಯಿತು. ಗೋಡೆ ಹಿಡಿದು ನಡೆಯುವಂತಾಯಿತು. ಆಗ ಸೋಲಾರ್ ಕವರ್ ಹಾಕಿಸುವ ಮಾತು ಬಂತು. ಗಾಳಿಗುಳ್ಳೆಗಳಿರುವ ಪ್ಲಾಸ್ಟಿಕ್ ಹಾಳೆ ಅದು. ನೀರಿನ ಮೇಲೆ ತೇಲುತ್ತದೆ, ಹಗಲಿನ ಬಿಸಿಲನ್ನು ಒಳಗೆ ಬಿಟ್ಟು, ರಾತ್ರಿ ಕಾವು ಹೋಗದಂತೆ ತಡೆಯುತ್ತದೆ.

ಮಾರುವವನು ಮಾದರಿಗೆಂದು ಎರಡು ತುಂಡು ತಂದಿದ್ದ. ಒಂದು ಕಡುನೀಲಿ, ಇನ್ನೊಂದು ಬಣ್ಣವಿಲ್ಲದ್ದು.

"ನೀಲಿದು ಭಾಳ ದಿನಾ ಬಾಳತೈತ್ರಿ, ನೋಡಾಕೂ ಛಲೋ."

ಅತ್ತೆ ಬಣ್ಣವಿಲ್ಲದ್ದನ್ನು ಬೆಳಕಿಗೆ ಹಿಡಿದು, ಅದರ ಹಿಂದೆ ತಮ್ಮ ಕೈ ಆಡಿಸಿ ನೋಡಿದರು. "ಇದ ಇರಲಿ. ಕೆಳಗ ಯಾರದಾರ ಅನ್ನೂದು ಕಾಣಬೇಕು."

"ಕೆಳಗ ಮೊಸಳಿ ಸಾಕ್ತೀಯೇನ್ ಯವ್ವಾ?" ಎಂದು ಯಜಮಾನರು ನಕ್ಕರು.

"ನಿನ್ನ ಸಾಕೀನಲ್ಲ, ಮತ್ತ ಮೊಸಳಿ ಯಾಕ?"

ಕವರ್ ಬಂದ ಮೇಲೆ ನೀರು ಬೆಚ್ಚಗಾಯಿತು. ಅತ್ತೆ ಮತ್ತೆ ಕೊಳಕ್ಕಿಳಿದರು.

ಭತ್ತದ ರಾಶಿಯ ಮೇಲಿನ ತಾಡಪತ್ರಿಯನ್ನು ಬೇಕಾದಷ್ಟೇ ಸರಿಸುವುದು ನಮ್ಮ ಕಡೆಯ ರೂಢಿ. ಒಂದು ಬೆಳಿಗ್ಗೆ ಯಜಮಾನರು ಕವರನ್ನೂ ಹಾಗೆಯೇ ಅರ್ಧ ಸುತ್ತಿಟ್ಟು, ಉಳಿದರ್ಧವನ್ನು ನೀರಿನ ಮೇಲೆಯೇ ಬಿಟ್ಟು ಗದ್ದೆಗೆ ಹೋದರು. ಅತ್ತೆ ದಂಡೆಯಲ್ಲಿ ಕುಳಿತು ಕೂದಲು ಕಟ್ಟುತ್ತಿದ್ದರು. ನಾನು ಮುಳುಗಿ ಮುಂದಕ್ಕೆ ಹೋದೆ. ಮೇಲೆ ಬಂದಾಗ ಗಾಳಿಯಿರಲಿಲ್ಲ. ತಲೆಗೆ ಕವರ್ ತಾಗಿತು. ನೂಕಿದರೆ ತುಸು ಎದ್ದು ಮತ್ತೆ ಮುಖಕ್ಕೆ ಅಂಟಿತು. ಎಲ್ಲ ಕಡೆಯೂ ಒಂದೇ ಬಿಳುಪು. ಅಂಚು ಯಾವ ದಿಕ್ಕಿಗೆಂದು ತಿಳಿಯಲಿಲ್ಲ.

ಆಮೇಲೆ ನನ್ನ ಜಡೆಗೆ ಒಂದು ಕೈ ಬಿತ್ತು.

ಕಂಬಿ ಹಿಡಿಯದೆ ಒಂದು ಮೆಟ್ಟಿಲೂ ಇಳಿಯದ ಅತ್ತೆ ಹೇಗೆ ಹಾರಿದರೋ ನಾನು ಕಾಣೆ. ನನ್ನನ್ನು ಹೊರಗೆಳೆದ ಮೇಲೆ ಕಂಡದ್ದು ಇಷ್ಟು: ಅವರ ಕೂದಲು ಬಿಚ್ಚಿ ನೀರಿನಲ್ಲಿ ಹರಡಿತ್ತು, ಬಾಳೆನಾರು ದೂರದಲ್ಲಿ ತೇಲುತ್ತಿತ್ತು. "ನೆಳ್ಳ ಕಂಡಿತವ್ವಾ, ಕವರಿನ ಕೆಳಗ ನಿನ್ನ ನೆಳ್ಳ ಕಂಡಿತು," ಎನ್ನುತ್ತ ನನ್ನ ಬೆನ್ನು ತಟ್ಟುತ್ತಲೇ ಇದ್ದರು.

ಮಗನಿಗೆ ಹೇಳಿದ್ದು ಒಂದೇ ಮಾತು: "ತಗದರ ಪೂರಾ ತಗಿ. ಇಲ್ಲಾಂದ್ರ ಮುಟ್ಟಬ್ಯಾಡ."

ಹೋದ ಮಳೆಗಾಲದಲ್ಲಿ ಜ್ವರ ಬಂದು ಅತ್ತೆ ತೀರಿಕೊಂಡರು. ಹಳೆಯ ಕವರಿನ ಗುಳ್ಳೆಗಳೂ ಬಿಸಿಲಿಗೆ ಪುಡಿಯಾಗತೊಡಗಿದ್ದವು. ಮೊನ್ನೆ ಅದೇ ಮಾರುವವನು ಬಂದು, ನೀಲಿ ತುಂಡನ್ನೇ ಮುಂದಿಟ್ಟ. ನಾನು ಬಾಯಿ ತೆರೆಯುವ ಮೊದಲೇ ಯಜಮಾನರು ಬಣ್ಣವಿಲ್ಲದ್ದನ್ನು ಎತ್ತಿಕೊಂಡರು. ಬೆಳಕಿಗೆ ಹಿಡಿದು, ಅದರ ಹಿಂದೆ ತಮ್ಮ ಕೈ ಆಡಿಸಿದರು.

"ಇದ ಇರಲಿ," ಎಂದರು. "ಕೆಳಗ ಯಾರದಾರ ಅನ್ನೂದು ಕಾಣಬೇಕು."