ಕದ್ದ ಕರಿಬೇವಿನ ಕಟ್ಲೆ

ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೂ ಅಮೆರಿಕದ ಫೆಡರಲ್ ಕೋರ್ಟುಗಳ ತೀರ್ಪು ಸರಿಯೋ ತಪ್ಪೋ ಎಂದು ಹೇಳುವ ಕೆಲಸ ಕುವೈತಿನ ಸಾಲ್ಮಿಯಾದ ಈ ಫ್ಲ್ಯಾಟಿನಲ್ಲಿ ನನಗೆ ಸಿಕ್ಕಿದೆ. ಕೊಟ್ಟವಳು ಮೊಮ್ಮಗಳು. ಮಂಗಳೂರಿನಲ್ಲಿ ಲಾ ಓದಿ ಬಂದು, ಮನೆಯಲ್ಲೇ ಲ್ಯಾಪ್‌ಟಾಪ್ ಮುಂದೆ ಕುಳಿತು ಅಮೆರಿಕದ ತೀರ್ಪುಗಳ ಬಗ್ಗೆ ಬರೆಯುತ್ತಾಳೆ. ಸಾಮಾನ್ಯ ಜನರಿಗೂ ಅರ್ಥವಾಗುವ ಹಾಗೆ ಬರೆಯಬೇಕೆಂದು ಆಫೀಸಿನ ಮೇಲಿನವರ ತಾಕೀತು. ಹಾಗಾಗಿ ಪ್ರತಿಯೊಂದನ್ನೂ ಮೊದಲು ನನಗೆ ಕನ್ನಡದಲ್ಲಿ ಹೇಳಿ ನೋಡುತ್ತಾಳೆ. ನನ್ನ ತಲೆಗೆ ಹೋದರೆ ಯಾರ ತಲೆಗಾದರೂ ಹೋಗುತ್ತದಂತೆ. ಇದನ್ನು ಹೊಗಳಿಕೆ ಎಂದುಕೊಳ್ಳುವಷ್ಟು ದಡ್ಡಿ ನಾನಲ್ಲ.

ಮಗಳು ಜಾಬ್ರಿಯಾದ ಆಸ್ಪತ್ರೆಯಲ್ಲಿ ನರ್ಸ್. ಅವಳು ಡ್ಯೂಟಿಗೆ ಹೋದ ಮೇಲೆ, ಹತ್ತು ಗಂಟೆಗೆ ನಮ್ಮ ಕೋರ್ಟು ಶುರು. ಆ ಹೊತ್ತಿಗೆ ಸರಿಯಾಗಿ ಎದುರು ಫ್ಲ್ಯಾಟಿನ ಬ್ಯಾರಿ ಹೆಂಗಸು ಹಾಲಿಲ್ಲದ ಸುಲೈಮಾನಿ ಚಹದ ಗ್ಲಾಸು ಹಿಡಿದು ಬರುತ್ತಿದ್ದಳು. ಬಂಟ್ವಾಳದ ಕಡೆಯವಳು, ನನಗಿಂತ ಹತ್ತು ವರ್ಷ ಚಿಕ್ಕವಳು, ಬಾಯಿಯಲ್ಲಿ ಮಾತ್ರ ದೊಡ್ಡವಳು.

"ಅಲ್ಲಿ ಫೆಡರಲ್ ಜಡ್ಜ್ ಆದವರು ಸಾಯುವ ತನಕ ಜಡ್ಜೇ ಅಜ್ಜಿ. ಸುಮ್ಮಸುಮ್ಮನೆ ಯಾರಿಗೂ ತೆಗೀಲಿಕ್ಕೆ ಆಗುದಿಲ್ಲ," ಎಂದಳು ಮೊಮ್ಮಗಳು.

"ನನ್ನ ಅತ್ತೆಯ ಹಾಗೆ," ಎಂದೆ.

"ನಮ್ಮ ಹಾಗೆ ವಾಸದ ಪರ್ಮಿಟ್, ಇಕಾಮಾ ರಿನ್ಯೂ ಎಂತ ಇಲ್ವಾ ಅವರಿಗೆ?" ಎಂದು ನೆರೆಯವಳು ಕೇಳಿದಳು. ಇಲ್ಲ ಎಂದಾಗ ಚಹ ಕುಡಿಯುವುದನ್ನೇ ಮರೆತಳು. "ಪುಣ್ಯವಂತರು ಮಾರಾಯ್ತಿ!"

ಇನ್ನೊಂದು ದಿನ ಬಂದದ್ದು, ಕಂಪೆನಿಯೊಂದರಲ್ಲಿ ತನ್ನ ಪಾಲಿದ್ದರೂ ಅದೇ ಕಂಪೆನಿಯ ಕೇಸು ಕೇಳಲು ಕುಳಿತ ಜಡ್ಜ್ ಕತೆ. ಅಂಥವನು ತಾನಾಗಿ ಎದ್ದು ಹೋಗಬೇಕು ಎಂದು ನಾವಿಬ್ಬರೂ ತೀರ್ಪು ಕೊಟ್ಟೆವು. ಮೊಮ್ಮಗಳು ಅದನ್ನೇ ಇಂಗ್ಲಿಷಿನಲ್ಲಿ ಎರಡು ಪುಟ ಮಾಡಿದಳು.

ಹೀಗೆ ಕಂಡವರ ಕೇಸು ಕೇಳಿಕೊಂಡು ಸುಖವಾಗಿದ್ದಾಗ ನಮ್ಮದೇ ಒಂದು ಹುಟ್ಟಿತು. ನೆರೆಯವಳ ಮಗನಿಗೆ ಶುಐಬಾದಲ್ಲಿ ಕೆಲಸ. ಅವನಿಗೆ ಹತ್ತಿರವಾಗಲೆಂದು ಫಹಾಹೀಲಿನಲ್ಲಿ ಮನೆ ಹಿಡಿದರು. ಹೊರಡುವ ವಾರ ಅವಳು ಚಹದ ಗ್ಲಾಸು ಕೆಳಗಿಟ್ಟು, "ಅಕ್ಕಾ, ಟೆರೇಸಿನ ಕರಿಬೇವು ನಾನು ತಕ್ಕೊಂಡು ಹೋಗ್ತೇನೆ," ಎಂದಳು.

ಕುವೈತಿನ ಬಿಸಿಲು ಗೊತ್ತಿದ್ದವರಿಗೆ ಆ ಗಿಡದ ಬೆಲೆ ಗೊತ್ತು. ಅಂಗಡಿಯ ಕರಿಬೇವು ವಿಮಾನದಲ್ಲಿ ಬಾಡಿ ಬರುತ್ತದೆ. ಒಗ್ಗರಣೆಗೆ ಹಾಕಿದರೆ ಸದ್ದು ಮಾಡುತ್ತದೆ, ಪರಿಮಳವಿಲ್ಲ. ಟೆರೇಸಿನ ನೀಲಿ ಡ್ರಮ್ಮಿನಲ್ಲಿದ್ದ ನಮ್ಮ ಗಿಡ ನನ್ನ ಎದೆಯೆತ್ತರ ಬೆಳೆದಿತ್ತು. ಹುಳಿ ಮಜ್ಜಿಗೆ ಹೊಯ್ದವಳು ನಾನು. ಮೀನು ತೊಳೆದ ನೀರು ಹೊಯ್ದವಳು, ಬೇಸಗೆಯಲ್ಲಿ ಹಳೆಯ ಬೆಡ್‌ಶೀಟ್ ಕಟ್ಟಿ ನೆರಳು ಮಾಡಿದವಳು ಅವಳು.

"ಅದು ನನ್ನ ಗಿಡ," ಎಂದೆ.

"ನಿಮ್ಮದು ಹೇಗೆ? ನನ್ನ ಮೀನಿನ ನೀರು ಕುಡಿದು ಬೆಳೆದದ್ದು."

"ಹಾಗಾದರೆ ನಿನ್ನ ಮೀನಿನ ನೀರು ವಾಪಸು ತಕ್ಕೊಂಡು ಹೋಗು."

ಮೊಮ್ಮಗಳೇ ಜಡ್ಜ್ ಆಗಲಿ ಎಂದು ನಾನೇ ಹೇಳಿದೆ. ಮೂರು ಹೊತ್ತು ಬೇಯಿಸಿ ಹಾಕುವುದು ನಾನಲ್ಲವೇ? ಆದರೆ ಆ ಕಂಪೆನಿಯ ಜಡ್ಜ್ ಕತೆಯನ್ನು ನನ್ನಷ್ಟೇ ಗಮನವಿಟ್ಟು ನೆರೆಯವಳೂ ಕೇಳಿದ್ದಳು.

"ಅದಾಗುದಿಲ್ಲ. ಜಡ್ಜ್ ನಿಮ್ಮ ಸಾರು ಉಣ್ಣುವವಳು. ಎದ್ದು ಹೋಗ್ಬೇಕು."

"ನಿಮ್ಮ ಮನೆಯ ಪತ್ತಿರಿ, ಕೋರಿ ಸುಕ್ಕ ಎಲ್ಲ ನಾನು ತಿಂದಿದ್ದೇನೆ ಆಂಟಿ," ಎಂದಳು ಮೊಮ್ಮಗಳು. "ಬೇರೆ ಜಡ್ಜ್ ಯಾರೂ ಸಿಗದಿದ್ದರೆ ಇದ್ದವರೇ ಕೂತ್ಕೊಳ್ಬಹುದು ಅಂತ ರೂಲ್ ಉಂಟು." ದುಪಟ್ಟಾವನ್ನು ಭುಜದ ಮೇಲೆ ಹರಡಿಕೊಂಡು ಸೋಫಾದ ನಡುವೆ ಕುಳಿತಳು. "ಮೊದಲು ಹೇಳಿ, ಗಿಡ ಎಲ್ಲಿಂದ ಬಂತು?"

ನಾನು ನೆರೆಯವಳ ಮುಖ ನೋಡಿದೆ, ಅವಳು ಚಹದ ಗ್ಲಾಸಿನೊಳಗೆ ನೋಡಿದಳು.

ಕೇಳಿ ತಂದ ಕರಿಬೇವು ಬದುಕುವುದಿಲ್ಲ ಎಂಬುದು ನಾನು ಚಿಕ್ಕಂದಿನಿಂದ ಕೇಳಿಕೊಂಡು ಬಂದ ಮಾತು. ನೆರೆಯವಳ ಮನೆಯಲ್ಲೂ ಹಾಗೆಯೇ ಹೇಳುತ್ತಿದ್ದರಂತೆ. ಕದ್ದು ತಂದರೇ ಬೇರು ಹಿಡಿಯುವುದು. ಎರಡು ವರ್ಷದ ಹಿಂದೆ ನನ್ನ ಮಂಡಿ ತೋರಿಸಲು ಜಾಬ್ರಿಯಾಕ್ಕೆ ಹೋಗಿದ್ದಾಗ ಅವಳೂ ಜೊತೆಗೆ ಬಂದಿದ್ದಳು. ಬರುವಾಗ ಯಾರದೋ ಮನೆಯ ಗೋಡೆಯ ಹೊರಗೆ ಕರಿಬೇವಿನ ಮರ, ಬುಡದಲ್ಲಿ ಎಳೆ ಸಸಿಗಳು. ಅವಳು ಬುರ್ಖಾ ಅಗಲಿಸಿ ಮರೆಯಾಗಿ ನಿಂತಳು. ಮಡಚಲಾಗದ ಮಂಡಿಯನ್ನು ಮಡಚಿ ಒಂದನ್ನು ಬೇರುಸಹಿತ ಕಿತ್ತವಳು ನಾನು. ಬುರ್ಖಾದೊಳಗೆ ಅಡಗಿಸಿ ತಂದವಳು ಅವಳು. ಆಮೇಲೆ ಡ್ಯೂಟಿ ಮುಗಿಸಿ ನಮ್ಮ ಜೊತೆ ಟ್ಯಾಕ್ಸಿ ಹತ್ತಿದ ಮಗಳು, "ಮಣ್ಣಿನ ವಾಸನೆ ಎಲ್ಲಿಂದ?" ಎಂದು ಕೇಳಿದಾಗ ಇಬ್ಬರೂ ಕಿಟಕಿಯ ಹೊರಗೆ ನೋಡಿದ್ದೆವು.

ಎಲ್ಲವನ್ನೂ ಒಪ್ಪಿಕೊಳ್ಳಬೇಕಾಯಿತು. ಜಡ್ಜ್ ನಕ್ಕು ನಕ್ಕು ಕಣ್ಣು ಒರೆಸಿಕೊಂಡು ತೀರ್ಪು ಕೊಟ್ಟಳು: "ಕದ್ದ ಮಾಲು. ಕೈ ಕೊಳೆ ಮಾಡಿಕೊಂಡು ಬಂದವರಿಗೆ ಕೋರ್ಟ್ ಸಹಾಯ ಮಾಡುದಿಲ್ಲ. ಇಬ್ಬರದ್ದೂ ಅಲ್ಲ. ಕೇಸ್ ಡಿಸ್ಮಿಸ್. ಖಲಾಸ್!"

ನನಗೆ ಒಳಗೊಳಗೇ ಖುಷಿ. ಕೇಸು ಬಿದ್ದುಹೋದರೆ ಗಿಡ ಇದ್ದಲ್ಲೇ ಇರುತ್ತದೆ. ಇರುವುದು ನನ್ನ ತಲೆಯ ಮೇಲೆ, ಟೆರೇಸಿನಲ್ಲಿ. ಕೋರ್ಟು ಕೈಬಿಟ್ಟಿತೆಂದರೆ ನಾನು ಗೆದ್ದೆ ಎಂದೇ ಅರ್ಥ.

ನೆರೆಯವಳು ಜಗಳವಾಡಲಿಲ್ಲ. ಚಹ ಮುಗಿಸಿ ಎದ್ದು, ಬಾಗಿಲ ಹತ್ತಿರ ನಿಂತು ಕೇಳಿದಳು: "ಮಧ್ಯಾಹ್ನ ನೀವು ಎಷ್ಟೊತ್ತಿಗೆ ಮಲಗುದು ಅಕ್ಕಾ?"

ನನಗೆ ಅರ್ಥವಾಯಿತು. ಡ್ರಮ್ಮಿನ ಅಂಚಿನಲ್ಲಿ ಗೇಣುದ್ದದ ಮರಿಯೊಂದು ಎದ್ದಿತ್ತು. ಕೇಳಿ ತೆಗೆದುಕೊಂಡರೆ ಬದುಕುವುದಿಲ್ಲವಲ್ಲ, ಪಾಪ.

"ಎರಡರಿಂದ ನಾಲ್ಕು. ಗುಂಡು ಹಾರಿದರೂ ಏಳುದಿಲ್ಲ. ಟೆರೇಸಿನ ಬೀಗದ ಕೈ ಮೊಳೆಯಲ್ಲಿ ಉಂಟು," ಎಂದು ಗೋಡೆಗೆ ಹೇಳಿದೆ.

ಅವರು ಹೊರಡುವ ದಿನ ಬೆಳಿಗ್ಗೆ ಆ ಮರಿಯ ಸುತ್ತ ನೀರು ಹಾಕಿ ಮಣ್ಣು ಮೆದು ಮಾಡಿದೆ. ಹಳೆಯ ಸೌಟೊಂದನ್ನು ಪಕ್ಕದಲ್ಲೇ ಇಟ್ಟು ಬಂದೆ. ಎರಡಕ್ಕೆ ಸರಿಯಾಗಿ ಮಲಗಿದೆ. ಸುಳ್ಳು ನಿದ್ದೆ ಮಾಡಲು ಹೋಗಿ ನಿಜ ನಿದ್ದೆ ಬಂತು.

ನಾಲ್ಕಕ್ಕೆ ಮೇಲೆ ಹೋಗಿ ನೋಡುತ್ತೇನೆ, ಡ್ರಮ್ಮೇ ಇಲ್ಲ! ಅದು ಇದ್ದ ಜಾಗದಲ್ಲಿ ಖಾಲಿ ಹಾಲಿನಪುಡಿಯ ಡಬ್ಬಿ. ಅದರೊಳಗೆ ಗೇಣುದ್ದದ ಮರಿ, ಈಗಷ್ಟೇ ನೀರು ಹಾಕಿದ್ದು. ಬಗ್ಗಿದರೆ ಮೀನಿನ ವಾಸನೆ. ನನ್ನ ಸೌಟೂ ಇಲ್ಲ. ಕೆಳಗೆ ಕಟ್ಟಡ ಕಾಯುವ ಹಾರಿಸನನ್ನು ವಿಚಾರಿಸಿದೆ. "ನೀವು ಕೊಟ್ಟದ್ದು ಅಂತ ಹೇಳಿದ್ರು ಅಮ್ಮಾ. ನಾನೇ ಲಿಫ್ಟಿಗೆ ಇಟ್ಟುಕೊಟ್ಟೆ," ಎಂದು ಹಿಂದಿಯಲ್ಲಿ ಹಲ್ಲು ಬಿಟ್ಟ.

ಫೋನು ಹಚ್ಚಿದೆ. "ಕಳ್ಳಿ!"

"ಇಬ್ಬರದ್ದೂ ಅಲ್ಲ ಅಂತ ಕೋರ್ಟು ಹೇಳಿತಲ್ಲ ಅಕ್ಕಾ. ದಾರಿ ತೋರಿಸಿದ್ದು ನೀವೇ. ಜಾಬ್ರಿಯಾ ಮರೆತುಹೋಯ್ತಾ?"

"ಅಲ್ಲಿ ನಾನು ಮರ ಬಿಟ್ಟು ಮರಿ ತಂದೆ. ನೀನು ಮರವನ್ನೇ ಹೊತ್ತುಕೊಂಡು ಹೋದೆಯಲ್ಲ!"

"ಮರಿಗೆ ನಿಮ್ಮ ಮಜ್ಜಿಗೆ ಸಾಕು. ಸಿಟ್ಟು ಬೇಡ. ಬರುವ ಶುಕ್ರವಾರ ಎಲ್ಲರೂ ಊಟಕ್ಕೆ ಬನ್ನಿ."

ಪಕ್ಕದಲ್ಲಿ ಮೊಮ್ಮಗಳು, "ಅಪೀಲ್ ಹಾಕ್ತೀರಾ ಅಜ್ಜಿ?" ಎಂದು ಪಿಸುಗುಟ್ಟಿದಳು. ಕೊಟ್ಟ ತೀರ್ಪಿನ ಚಂದಕ್ಕೆ ಈ ಪ್ರಶ್ನೆ ಬೇರೆ.

ನಾನು ಫೋನಿಗೆ, "ಬರ್ತೇವೆ. ಊಟ ಆದ ಮೇಲೆ ನೀನು ಎಷ್ಟೊತ್ತಿಗೆ ಮಲಗುದು?" ಎಂದೆ.

"ಮಧ್ಯಾಹ್ನ ಮಲಗುದು ಬಿಟ್ಟಿದ್ದೇನೆ ಅಕ್ಕಾ," ಎಂದಳು.

ಬಿಡಲಿ. ಬಿರಿಯಾನಿ ಉಂಡ ಮೇಲೆ ಅವಳ ಕಣ್ಣು ಎಷ್ಟು ಹೊತ್ತು ತೆರೆದಿರುತ್ತದೆಂದು ನನಗೆ ಗೊತ್ತಿದೆ. ಮೊಮ್ಮಗಳು ತನ್ನ ಕಾರಿನ ಹಿಂದಿನ ಸೀಟು ಮಡಚುವುದು ಹೇಗೆಂದು ತೋರಿಸಿಕೊಟ್ಟಿದ್ದಾಳೆ.