ಬಂದೂಕು ತಮ್ಮನಿಗೆ, ಅಚ್ಚು ಅಣ್ಣನಿಗೆ

ಟೆನೆಸ್ಸಿಯ ಗುಡ್ಡಗಳ ನಡುವಿನ ನಮ್ಮ ಕೇನಿ ಹಳ್ಳದ ಕಣಿವೆಯಲ್ಲಿ ಹೋಬರ್ಟ್ ಸಟನ್ ಸೀಸದ ಗುಂಡು ಎರಕ ಹೊಯ್ಯುವುದರಲ್ಲಿ ಎಷ್ಟು ಗಟ್ಟಿಗನೋ, ಹೊಟ್ಟೆಕಿಚ್ಚು ಪಡುವುದರಲ್ಲೂ ಅಷ್ಟೇ ಗಟ್ಟಿಗ. ಮೊದಲನೆಯದು ಕಣಿವೆಗೆಲ್ಲ ಗೊತ್ತಿತ್ತು. ಎರಡನೆಯದು ಗೊತ್ತಿದ್ದದ್ದು ಅವನ ಹೆಂಡತಿ ಡೆಲ್ಫಾಳಿಗೆ ಮಾತ್ರ. ಯಾಕೆಂದರೆ ಹೋಬರ್ಟ್ ಊರಿನವರ ಮುಂದೆ ನಗುನಗುತ್ತಲೇ ಇರುತ್ತಿದ್ದ, ಮುಖ ಊದಿಸಿಕೊಳ್ಳುವುದನ್ನೆಲ್ಲ ಮನೆಗೆ ಬಂದಮೇಲಕ್ಕೆ ಇಟ್ಟುಕೊಂಡಿದ್ದ.

ಇದಕ್ಕೆಲ್ಲ ಅವನ ಅಪ್ಪನೇ ಕಾರಣ. ಮುದುಕನ ಬಳಿ ಅಳಿಲು ಬೇಟೆಯ ಸಣ್ಣ ಬಂದೂಕೊಂದಿತ್ತು. ನಳಿಗೆಯ ಬಾಯಿಂದ ಮದ್ದು ಸುರಿದು, ಬಟಾಣಿ ಗಾತ್ರದ ಗುಂಡನ್ನು ಬಟ್ಟೆಚೂರಿನಲ್ಲಿ ಸುತ್ತಿ, ಗಜವೆಂಬ ಉದ್ದ ಸರಳಿನಿಂದ ಒಳಗೊತ್ತುವ ಹಳೇ ಮಾದರಿಯದು. ಅಂಥ ಬಂದೂಕು ಮಾಡಿದ ಕಮ್ಮಾರ ಅದರ ನಳಿಗೆಗೆ ಹೊಂದುವಂತೆ ಗುಂಡಿನ ಅಚ್ಚನ್ನೂ ತಾನೇ ಕೊರೆದುಕೊಡುತ್ತಿದ್ದ. ಇಕ್ಕಳದಂಥ ಕಬ್ಬಿಣದ ಅಚ್ಚು ಅದು. ಒಂದು ಬಂದೂಕಿನ ಗುಂಡು ಇನ್ನೊಂದಕ್ಕೆ ಆಗುವುದಿಲ್ಲ. ಅಚ್ಚು ಕಳೆದುಹೋದರೆ ಬಂದೂಕು ಗೋಡೆಗೆ ಅಲಂಕಾರ, ಅಷ್ಟೇ.

ಹಾಸಿಗೆ ಹಿಡಿದ ಮುದುಕ ಇಬ್ಬರು ಮಕ್ಕಳನ್ನೂ ಕರೆದು ಬಂದೂಕನ್ನು ಕಿರಿಯವನಾದ ಆರ್ಲಿಗೆ ಕೊಟ್ಟ, ಅಚ್ಚನ್ನು ಹಿರಿಯವನಾದ ಹೋಬರ್ಟನಿಗೆ ಕೊಟ್ಟ. ಹೋಬರ್ಟ್ ಆ ಕಬ್ಬಿಣದ ಇಕ್ಕಳವನ್ನು ಕೈಯಲ್ಲಿ ಹಿಡಿದು ಪೆಚ್ಚಾಗಿ ನಿಂತ.

"ಏನು ಹಾಗೆ ನೋಡ್ತೀಯ?" ಅಂದ ಅಪ್ಪ. "ಇನ್ಮೇಲೆ ನೀವಿಬ್ರೂ ಒಬ್ಬರನ್ನೊಬ್ಬರು ಮಾತಾಡಿಸ್ದೆ ಇರೋಕಾಗಲ್ಲ. ನಂಗೆ ಅಷ್ಟು ಸಾಕು."

ಅಪ್ಪನಿಗೆ ಅಷ್ಟು ಸಾಕಾಗಿತ್ತು. ಹೋಬರ್ಟನಿಗೆ ಸಾಕಾಗಲಿಲ್ಲ. ಹುಡುಗರಾಗಿದ್ದಾಗ ಗುರಿಯಲ್ಲಿ ಇಬ್ಬರೂ ಸರಿಸಮ ಇದ್ದವರು. ಬಂದೂಕು ಕೈಯಲ್ಲಿದ್ದವನು ಹುಲಿಯಾದ, ಅಚ್ಚು ಕೈಯಲ್ಲಿದ್ದವನು ಒಲೆಯ ಮುಂದೆ ಕೂತ.

ಪ್ರತಿ ವರ್ಷ ಮೆಕ್ಕೆಜೋಳದ ಕೊಯ್ಲು ಮುಗಿದಮೇಲೆ ನಮ್ಮಲ್ಲಿ ಹೋರಿಯ ಪಂದ್ಯವೆಂಬ ಗುರಿ ಹೊಡೆಯುವ ಸ್ಪರ್ಧೆ ನಡೆಯುತ್ತದೆ. ಒಂದು ಹೋರಿಯನ್ನು ಕಡಿದು ಪಾಲು ಮಾಡಿ ಗುರಿಕಾರರಿಗೆ ಬಹುಮಾನ ಕೊಡುತ್ತಾರೆ. ಎಲ್ಲರಿಗಿಂತ ಚೆನ್ನಾಗಿ ಹೊಡೆದವನಿಗೆ ಹಿಂಗಾಲಿನ ದಪ್ಪ ಮಾಂಸದ ಹಿಂದೊಡೆ, ಆಮೇಲಿನವರಿಗೆ ಉಳಿದ ಪಾಲುಗಳು, ಅದರಾಚೆಯವನಿಗೆ ಚರ್ಮ ಮತ್ತು ಕೊಬ್ಬು. ಕಟ್ಟಕಡೆಯ ಬಹುಮಾನ ಗುರಿಹಲಗೆಯ ಹಿಂದಿನ ಮರದೊಳಗೆ ಹೊಕ್ಕ ಸೀಸ. ಕೊಡಲಿ ತಂದು ಮರ ಸೀಳಿ ಆರಿಸಿಕೊಂಡು ಹೋಗಬೇಕು. ಆರ್ಲಿ ವರ್ಷವರ್ಷವೂ ಹಿಂದೊಡೆ ಗೆಲ್ಲುತ್ತಿದ್ದ. ಸೀಸ ಗೆದ್ದವನು ಯಾರೇ ಆಗಲಿ, "ಹೋಗ್ಲಿ, ಎರಕದೋನಿಗೇ ಇರಲಿ" ಎಂದು ಹೋಬರ್ಟನಿಗೆ ಬಿಟ್ಟುಕೊಡುತ್ತಿದ್ದ. ಊರೆಲ್ಲ ಆರ್ಲಿಯ ಬೆನ್ನು ತಟ್ಟುತ್ತಿರುವಾಗ ಅಣ್ಣ ಮರದ ಬುಡದಲ್ಲಿ ಮಂಡಿಯೂರಿ ಸೀಸ ಹೆಕ್ಕುತ್ತಿದ್ದ.

ಆರ್ಲಿ ಗೆದ್ದ ಮಾಂಸದಲ್ಲಿ ಅರ್ಧ ತಪ್ಪದೆ ಅಣ್ಣನ ಮನೆಗೆ ಬರುತ್ತಿತ್ತು. ಹೋಬರ್ಟ್ ಉರಿದುಕೊಳ್ಳುತ್ತಲೇ ಎರಡು ಸಲ ಬಡಿಸಿಕೊಂಡು ತಿನ್ನುತ್ತಿದ್ದ.

"ನನ್ನ ಗುಂಡಿಲ್ದಿದ್ರೆ ಅವನು ಏನು ಹೊಡೀತಿದ್ದ, ಬೆಂಡೆಕಾಯಿ?" ಎನ್ನುತ್ತಿದ್ದ.

"ಹಾಗಂತ ಅವನಿಗೇ ಹೇಳು. ನಂಗ್ಯಾಕೆ ಹೇಳ್ತೀಯ?" ಎನ್ನುತ್ತಿದ್ದಳು ಡೆಲ್ಫಾ. "ತಿನ್ನೋವಾಗ ಮಾತ್ರ ತಮ್ಮ ಬೇಕು ನಿಂಗೆ."

ಒಂದು ವರ್ಷ ಪಂದ್ಯದ ಹಿಂದಿನ ದಿನ ಅಂಗಡಿಯ ಜಗಲಿಯಲ್ಲಿ ಟೋಲಿವರ್ ಮುದುಕ ಒಂದು ಮಾತಾಡಿದ. "ಆರ್ಲಿಯ ಗುಂಡು ಅಂದ್ರೆ ಗುಂಡು ಕಣ್ರಯ್ಯ. ದಾರ ಕಟ್ಟಿ ಎಳೆದ ಹಾಗೆ ಹೋಗತ್ತೆ." ಗುಂಡು ಹೊಯ್ದವನು ಅಲ್ಲೇ ಉಪ್ಪಿನ ಚೀಲದ ಮೇಲೆ ಕೂತಿದ್ದ. ಅವನ ಕಡೆ ಯಾರೂ ತಿರುಗಿ ನೋಡಲಿಲ್ಲ. ಆರ್ಲಿಯ ಗುಂಡಂತೆ! ಹೋಬರ್ಟ್ ಎದ್ದು ಮನೆಗೆ ಬಂದ.

ಪಂದ್ಯಕ್ಕೆ ಒಬ್ಬನಿಗೆ ಒಂದೇ ಗುಂಡು. ಆ ಗುಂಡನ್ನು ಅಣ್ಣನೇ ಆರಿಸಿ, ಕೆಂಪು ಬಟ್ಟೆಚೂರಿನಲ್ಲಿ ಕಟ್ಟಿ, ಪಂದ್ಯದ ಬೆಳಿಗ್ಗೆ ತಮ್ಮನ ಕೈಗಿಡುವುದು ಅಪ್ಪ ಸತ್ತಾಗಿನಿಂದ ನಡೆದುಬಂದ ಪದ್ಧತಿ. ಆರ್ಲಿ ಅದನ್ನು ಬಿಚ್ಚಿ ಪರೀಕ್ಷೆ ಮಾಡಿದವನಲ್ಲ. ಪರೀಕ್ಷೆ ಏನಿದ್ದರೂ ಹೋಬರ್ಟನದು. ಕಿಟಕಿಯ ಹಳೇ ಗಾಜೊಂದನ್ನು ಸ್ವಲ್ಪ ಓರೆಯಾಗಿಟ್ಟು ಗುಂಡನ್ನು ಉರುಳಿಸುತ್ತಿದ್ದ. ಗಟ್ಟಿ ಗುಂಡು ನೇರ ಇಳಿಯುತ್ತದೆ. ಒಳಗೆ ಗಾಳಿ ಸಿಕ್ಕಿಕೊಂಡು ಪೊಳ್ಳಾದದ್ದು ಕುಡಿದವನಂತೆ ಪಕ್ಕಕ್ಕೆ ವಾಲುತ್ತದೆ. ಅಂಥದನ್ನು ಅವನು ಮತ್ತೆ ಕರಗುವ ಸೀಸಕ್ಕೇ ಹಾಕುತ್ತಿದ್ದ.

ಈ ಸಲ ಹಾಕಲಿಲ್ಲ. ಬೇಕೆಂದೇ ಸೀಸವನ್ನು ಪೂರ್ತಿ ಕಾಯಲು ಬಿಡದೆ, ತಣ್ಣನೆಯ ಅಚ್ಚಿಗೆ ಸುರಿದ. ಬಂದ ಗುಂಡುಗಳನ್ನು ಒಂದೊಂದಾಗಿ ಗಾಜಿನ ಮೇಲೆ ಬಿಟ್ಟು, ಎಲ್ಲಕ್ಕಿಂತ ಹೆಚ್ಚು ವಾಲಿದ್ದನ್ನು ಆರಿಸಿದ. ಮೇಲಿನ ಸುಕ್ಕನ್ನು ಉಜ್ಜಿ ನುಣ್ಣಗೆ ಮಾಡಿ ಕೆಂಪು ಬಟ್ಟೆಯಲ್ಲಿ ಕಟ್ಟಿದ. ಒಂದೇ ಒಂದು ಸಲ ತಮ್ಮನ ಗುರಿ ತಪ್ಪಲಿ. ಆಗ ಈ ಊರಿಗೆ ಗುಂಡು ಯಾರದು ಎಂದು ತಿಳಿದೀತು. ಅವನ ಲೆಕ್ಕ ಇಷ್ಟೇ.

ಪಂದ್ಯದ ಬಯಲಿನಲ್ಲಿ ಆರ್ಲಿ ಎಂದಿನಂತೆ ಗಂಟು ಬಿಚ್ಚಿದ, ಮದ್ದು ಸುರಿದ, ಗುಂಡನ್ನು ಗಜದಿಂದ ಕೆಳಗೊತ್ತಿದ. ಅವನ ಸರದಿ ಕೂಗಿದಾಗ ಗೆರೆಯ ಬಳಿ ಹೋಗಿ ನಿಂತ. ಆದರೆ ಬಂದೂಕು ಎತ್ತಲಿಲ್ಲ.

"ಈ ಸಲ ನಮ್ಮಣ್ಣ ಹೊಡೀತಾನೆ" ಅಂದ.

ಬಯಲೆಲ್ಲ ಗುಸುಗುಸು ಎದ್ದಿತು. ಆರ್ಲಿ ಅಣ್ಣನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದ. "ಹೋದ ಚಳಿಗಾಲದಿಂದ ಕಣ್ಣು ಮಂಜು ಕಣಣ್ಣ. ಹಲಗೆ ಕಾಣತ್ತೆ, ಗುರುತು ಕಾಣಲ್ಲ. ಯಾರಿಗೂ ಹೇಳಿಲ್ಲ. ನೀನು ಹೊಡಿ. ಹುಡುಗರಾಗಿದ್ದಾಗ ನೀನೇನು ಕಮ್ಮಿ ಇದ್ಯಾ? ಅಪ್ಪ ನಿಂಗೂ ಒಂದು ಸಲ ಕೊಡಬೇಕಿತ್ತು."

ಬಂದೂಕು ಕೈಗೆ ಬಂತು. ಅದಕ್ಕಾಗಿ ಹೋಬರ್ಟ್ ಅರ್ಧ ಆಯುಷ್ಯ ಉರಿದಿದ್ದ. ಈಗ ಕಣಿವೆಗೆ ಕಣಿವೆಯೇ ಅವನನ್ನು ನೋಡುತ್ತಿತ್ತು, ನಳಿಗೆಯ ತಳದಲ್ಲಿ ಅವನದೇ ಪೊಳ್ಳು ಗುಂಡು ಕೂತಿತ್ತು. ಅದನ್ನು ಹೊರತೆಗೆಯಬೇಕೆಂದರೆ ಯಾಕೆಂದು ಹೇಳಬೇಕು. ಬಂದೂಕನ್ನು ಕೆನ್ನೆಗೊತ್ತಿದ. ಗುರುತು ಎಷ್ಟು ಸ್ಪಷ್ಟ ಕಂಡಿತೆಂದರೆ ಅವನಿಗೆ ಅಳು ಬರುವಂತಾಯಿತು. ಕೈ ನಡುಗಲಿಲ್ಲ, ಉಸಿರು ಅಲುಗಲಿಲ್ಲ. ಬಂದೂಕಿನ ಕುದುರೆ ಎಳೆದ.

ಗುಂಡು ಹಲಗೆಯನ್ನೇ ಮುಟ್ಟಲಿಲ್ಲ. ಮರದ ಅಂಚಿನ ತೊಗಟೆ ಹಾರಿತು.

"ಅವರಪ್ಪನಿಗೆ ಗೊತ್ತಿತ್ತು ಬಿಡಿ, ಯಾರ ಕೈಗೆ ಏನು ಕೊಡಬೇಕು ಅಂತ" ಅಂದ ಟೋಲಿವರ್ ಮುದುಕ. ಎಲ್ಲರೂ ನಕ್ಕರು.

"ನಗಬೇಡ್ರಿ" ಅಂದ ಆರ್ಲಿ. "ಮದ್ದು ಥಂಡಿ ಹಿಡಿದಿತ್ತು, ತಪ್ಪು ನಂದು. ಅಣ್ಣನ ಗುಂಡಾಗಲಿ ಗುರಿಯಾಗಲಿ ಯಾವತ್ತೂ ಕೈಕೊಟ್ಟಿಲ್ಲ. ಇನ್ಮೇಲೆ ಈ ಬಂದೂಕೂ ಅವನದೇ."

ಜನ ಚದುರಿದಮೇಲೆ ಹೋಬರ್ಟ್ ಎಂದಿನಂತೆ ಕೊಡಲಿ ಹಿಡಿದು ಮರ ಸೀಳಲು ಕೂತ. ಆರ್ಲಿ ಬುಟ್ಟಿ ಹಿಡಿದು ಪಕ್ಕದಲ್ಲಿ ಕುಳಿತ. ಅಂಚಿನ ತೊಗಟೆಯ ಹತ್ತಿರ ಒಂಟಿಯಾಗಿ ಒಂದು ಗುಂಡು ಹೂತಿತ್ತು. ಹೋಬರ್ಟ್ ಅತ್ತ ಹೋಗದೆ ಬೇರೆ ಕಡೆಯೇ ಕಡಿಯುತ್ತಿದ್ದ. ಆರ್ಲಿಯ ಬೆರಳು ತಡವುತ್ತ ತಡವುತ್ತ ಅದನ್ನೇ ಕಿತ್ತಿತು. ಬಟಾಣಿ ಗಾತ್ರದ್ದು ಇನ್ಯಾರ ಬಂದೂಕಿನಲ್ಲೂ ಇರಲಿಲ್ಲ. ಮರಕ್ಕೆ ಬಡಿದ ಹೊಡೆತಕ್ಕೆ ಗುಂಡು ಸೀಳಿ ಬಾಯಿ ಬಿಟ್ಟಿತ್ತು. ಕಣ್ಣು ಮಂಜಾದವನು ಹೆಬ್ಬೆರಳಿನಲ್ಲಿ ಅದರ ಒಳಗಿನ ಪೊಳ್ಳನ್ನು ಮೆಲ್ಲಗೆ ಸವರಿದ.

"ಇದು ನಂಗೆ ಅಂತ ಹೊಯ್ದಿದ್ದು, ಅಲ್ವಾ ಅಣ್ಣ?"

ಹೋಬರ್ಟ್ ಕೊಡಲಿ ಕೆಳಗಿಟ್ಟ. "ಹೂಂ" ಅಂದ.

ಆರ್ಲಿ ಅದನ್ನು ಬುಟ್ಟಿಗೆ ಹಾಕದೆ ಜೇಬಿಗೆ ಹಾಕಿಕೊಂಡು ಎದ್ದು ಹೋದ. ಬಂದೂಕು ಮರಕ್ಕೆ ಒರಗಿಕೊಂಡೇ ಇತ್ತು.

ಅಂತೂ ಬಂದೂಕು ಮತ್ತು ಅಚ್ಚು ಹೋಬರ್ಟನ ಗೋಡೆಯ ಒಂದೇ ಮೊಳೆಗೆ ಬಂದವು. ಕೆಲವು ದಿನ ಕಳೆದು ಹೋಬರ್ಟ್ ಚೆಂದದ ಒಂದು ಗುಂಡು ಹೊಯ್ದು, ಹಿತ್ತಿಲ ಬೇಲಿಗೆ ಹಲಗೆ ನಿಲ್ಲಿಸಿ ಹೊಡೆದ. ಗುರುತಿನ ನಟ್ಟನಡುವೆ ತೂತು ಬಿತ್ತು. ಸುತ್ತ ನೋಡಿದ. ಕೋಳಿಗಳಿದ್ದವು, ಡೆಲ್ಫಾ ಹುರುಳಿಕಾಯಿ ಸೋಸುತ್ತಿದ್ದಳು.

"ನೋಡಿದ್ಯಾ?" ಅಂದ.

"ನೋಡ್ದೆ. ನಿನ್ನ ತಮ್ಮ ಈ ಕಡೆ ಬಂದು ಎಷ್ಟು ದಿನ ಆಯ್ತು ಅನ್ನೋದನ್ನೂ ನೋಡಿದೀನಿ. ಗುಂಡು ಬೇಡ, ಬಂದೂಕಿಲ್ಲ, ಇನ್ಯಾಕೆ ಬರ್ತಾನೆ?"

ಹೋಬರ್ಟನಿಗೆ ಅಪ್ಪನ ಮಾತು ಆಗ ತಲೆಗೆ ಹೊಕ್ಕಿತು. ಮರುದಿನ ಅಚ್ಚನ್ನು ಕೋಟಿನೊಳಗೆ ಇಟ್ಟುಕೊಂಡು ಹಳ್ಳ ದಾಟಿದ. ಆರ್ಲಿ ಜಗಲಿಯಲ್ಲಿ ಕೂತಿದ್ದ. ಹೋಬರ್ಟ್ ಅಚ್ಚನ್ನು ಅವನ ಕೈಗಿಟ್ಟ.

"ಇದು ನಿನ್ಹತ್ರ ಇರಲಿ. ಗುಂಡು ಹೊಯ್ಯೋವಾಗ ನಾನೇ ಬಂದು ಕೇಳ್ತೀನಿ."

ಆರ್ಲಿ ಅಚ್ಚಿನ ಬಾಯಿ ತೆರೆದ, ಮುಚ್ಚಿದ. ಆಮೇಲೆ ಜೇಬಿನಿಂದ ಆ ಸೀಳಿದ ಗುಂಡನ್ನು ತೆಗೆದು ಚಾಚಿದ. "ಇದನ್ನೂ ಕರಗಿಸು. ಸೀಸ ಯಾಕೆ ದಂಡ ಮಾಡ್ತೀಯ?" ಒಳಗೆ ತಿರುಗಿ ಹೆಂಡತಿಗೆ ಕೂಗಿ ಹೇಳಿದ. "ಅಣ್ಣ ಬಂದಿದಾನೆ ಕಣೇ, ಇನ್ನೊಂದು ತಟ್ಟೆ ಇಡು."

ಬಿಸಿ ಮೆಕ್ಕೆಜೋಳದ ರೊಟ್ಟಿ ಮತ್ತು ಜೋನಿಬೆಲ್ಲ ಬಂತು. ಹೋಬರ್ಟ್ ತಲೆ ತಗ್ಗಿಸಿ ತಿಂದ. ತಾನಾಗಿದ್ದರೆ ಸಾಯುವವರೆಗೂ ಮುಖ ನೋಡುತ್ತಿರಲಿಲ್ಲ. ಇವನಿಗೆ ಕ್ಷಮಿಸುವುದೂ ಎಷ್ಟು ಸಲೀಸಾಗಿ ಬರುತ್ತದಲ್ಲ ಎಂದುಕೊಂಡಾಗ, ಗುರಿ ಹೊಡೆಯುವ ತಮ್ಮನನ್ನು ಕಂಡು ಉರಿದದ್ದಕ್ಕಿಂತ ಹೆಚ್ಚಾಗಿ ಅವನ ಹೊಟ್ಟೆ ಉರಿಯಿತು.